ವೇದಾವತಿಯ ನಂಬರು

ವಾಟ್ಸಾಪ್ ಬಂತು, ಓಟಿಪಿ ಬರಲಿಲ್ಲ.

ವಿಮಾನದ ಹದಿನೇಳನೇ ಸಾಲಿನ ನಡುವಿನ ಸೀಟಿನಲ್ಲಿ ಕುಳಿತಿದ್ದ ವೇದಾವತಿ ಫೋನನ್ನು ಮೊದಲು ಎದೆಯ ಮುಂದೆ ಹಿಡಿದು ನೋಡಿದಳು, ಆಮೇಲೆ ಕಿಟಕಿಯ ಕಡೆ ಚಾಚಿದಳು, ಆಮೇಲೆ ತಲೆಯ ಮೇಲಕ್ಕೆ ಎತ್ತಿದಳು. ಊರಲ್ಲಿ ಸಿಗ್ನಲ್ ಸಿಗದಿದ್ದರೆ ನೀರಿನ ಟ್ಯಾಂಕಿನ ಮೆಟ್ಟಿಲು ಹತ್ತಿ ಹೀಗೇ ಮಾಡುವುದು ಅವಳಿಗೆ ರೂಢಿ. ಇಲ್ಲಿ ಹತ್ತುವುದಕ್ಕೆ ಇನ್ನೇನೂ ಉಳಿದಿರಲಿಲ್ಲ. ಸ್ಪಂದನಾಳ ಮೆಸೇಜುಗಳು ಮಾತ್ರ ಒಂದರ ಹಿಂದೊಂದು ಬಂದು ಬೀಳುತ್ತಿದ್ದವು: ಟೀಚರ್, ಒತ್ತಿದ್ದೀನಿ. ಟೀಚರ್, ಬಂತಾ? ಟೀಚರ್, ಇನ್ನೊಂದ್ಸಲ ಕಳ್ಸಿದ್ದೀನಿ ನೋಡಿ. ಆಗ ಗಂಟೆ ಮೂರೂಕಾಲು. ಸಂಜೆ ಐದೂವರೆಯೊಳಗೆ ಆ ಆರು ಅಂಕಿ ಸಿಗದಿದ್ದರೆ ಸ್ಪಂದನಾಳಿಗೆ ಬಂದಿದ್ದ ಪಶುವೈದ್ಯಕೀಯದ ಸೀಟು ಇನ್ಯಾರದೋ ಪಾಲಾಗುತ್ತಿತ್ತು.

ವೇದಾವತಿ ನಿಡುಗಲ್ಲಿನ ಅಂಗನವಾಡಿ ಕಾರ್ಯಕರ್ತೆ, ಊರಿನವರ ಬಾಯಲ್ಲಿ ಟೀಚರಮ್ಮ. ಅವಳದು ಇಲಾಖೆ ಕೊಟ್ಟ ಫೋನು. ಮಿಕ್ಕವರು ಆಫರ್ ನೋಡಿ ಸಿಮ್ ಬದಲಿಸುತ್ತಾರೆ, ಕರೆನ್ಸಿ ಹಾಕಿಸದೆ ನಂಬರನ್ನೇ ಕಳೆದುಕೊಳ್ಳುತ್ತಾರೆ. ಟೀಚರಮ್ಮನ ನಂಬರ್ ಹನ್ನೊಂದು ವರ್ಷದಿಂದ ಅದೇ. ಹಾಗಾಗಿ ಯಾವ ಅರ್ಜಿಯಲ್ಲಿ ಮೊಬೈಲ್ ನಂಬರ್ ಕೇಳಿದರೂ ಊರಿನವರು ಹಿಂದೆ ಮುಂದೆ ನೋಡದೆ ಅವಳದನ್ನೇ ಬರೆಸುತ್ತಿದ್ದರು. ಗ್ಯಾಸು, ಪಿಂಚಣಿ, ಬೆಳೆವಿಮೆ, ಮಕ್ಕಳ ಸ್ಕಾಲರ್‌ಶಿಪ್ಪು ಎಲ್ಲಕ್ಕೂ ಅದೇ. ಅರ್ಧ ಊರಿನ ಹೆಬ್ಬೆಟ್ಟು ಅವಳ ಫೋನಿನಲ್ಲಿತ್ತು ಅನ್ನಬೇಕು. ಉಣ್ಣುವಾಗಲೂ ಬಿಡಲ್ಲ ನೋಡಿ ಈ ಜನ ಎಂದು ಅವಳು ಗೊಣಗುತ್ತಿದ್ದಳಾದರೂ ಆ ಗೊಣಗಾಟ ಮೇಲುಮೇಲಿನದು. ಒಳಗೆ ಅವಳಿಗೆ ಹಿಗ್ಗೋ ಹಿಗ್ಗು.

ಸ್ಪಂದನಾ ಅವಳ ಅಂಗನವಾಡಿಯಲ್ಲೇ ಮೊಟ್ಟೆ ತಿಂದು, ಚಾಪೆಯ ಮೇಲೆ ಮಲಗಿ ಬೆಳೆದ ಹುಡುಗಿ. ಅಪ್ಪ ತಿಪ್ಪೇಶನಿಗೆ ಎಪ್ಪತ್ತು ಕುರಿ. ಕುರಿಗಳಿಗೆ ಕಾಯಿಲೆ ಬಂದರೆ ಪಾವಗಡದ ಡಾಕ್ಟರಿಗಾಗಿ ಎರಡು ದಿನ ಕಾದು ಕೂರುವ ಊರಿನಲ್ಲಿ, ಕುರಿಯವನ ಮಗಳಿಗೇ ಡಾಕ್ಟರಿಕೆಯ ಸೀಟು ಬಂದಿತ್ತು. ನಿನ್ನೆ ಸಂಜೆ ಗೊತ್ತಾದ ಸುದ್ದಿ ಅದು, ಇವತ್ತು ಸಂಜೆಯೊಳಗೆ ಒಪ್ಪಿಗೆ ಒತ್ತಬೇಕು, ಆ ಅರ್ಜಿಯಲ್ಲೂ ಇದ್ದದ್ದು ಟೀಚರಮ್ಮನ ನಂಬರೇ. ಅಪ್ಪ ಮಗಳು ದೀಪ ಹಚ್ಚುವ ಹೊತ್ತಿಗೆ ಬಂದಾಗ ವೇದಾವತಿ ದೆಹಲಿಗೆ ಬ್ಯಾಗು ಕಟ್ಟುತ್ತಿದ್ದಳು. ಪೌಷ್ಟಿಕ ಆಹಾರದ ತರಬೇತಿಗೆ ಆರಿಸಿದ್ದ ಕೆಲವೇ ಮಂದಿಯಲ್ಲಿ ಅವಳೂ ಒಬ್ಬಳು. ಹುಡುಗಿ ಸಂಕೋಚದಿಂದಲೇ ಕೇಳಿದ್ದಳು.

“ಟೀಚರ್, ಸಿಮ್ ಬಿಚ್ಚಿ ಕೊಟ್ಟೋಗ್ತೀರಾ? ನಾಳೆ ಒಂದಿನ ಅಪ್ಪನ ಫೋನಿಗೆ ಹಾಕ್ಕಂತೀನಿ.”

“ಅದ್ಯಾಕೆ? ಪ್ಲೇನಲ್ಲೂ ಈಗ ನೆಟ್ ಐತೆ ಕಣಮ್ಮ. ನೀನು ಒತ್ತು, ನಾನು ಮೋಡದ ಮೇಲಿಂದ್ಲೇ ನಂಬರ್ ಹೇಳ್ತೀನಿ.”

ನೆಟ್ ಇದೆಯೆಂದು ತರಬೇತಿಯ ಗ್ರೂಪಿನಲ್ಲಿ ಯಾರೋ ಹಾಕಿದ್ದು ನಿಜವೇ. ಆದರೆ ಸಿಮ್ ಕೊಡದಿದ್ದುದಕ್ಕೆ ಕಾರಣ ಅದಲ್ಲ. ಮೊದಲ ಸಲ ವಿಮಾನ ಹತ್ತುವವಳಿಗೆ ರೆಕ್ಕೆಯ ಫೋಟೋ ತೆಗೆದು ಸ್ಟೇಟಸ್ಸಿಗೆ ಹಾಕಬೇಕೆಂಬ ಆಸೆ. ಜೊತೆಗೆ, ತನ್ನ ನಂಬರು ತಾನಿಲ್ಲದೆ ಊರಲ್ಲಿ ಕೆಲಸ ಮಾಡುವುದು ಅವಳಿಗೆ ಯಾಕೋ ಹಿಡಿಸಲಿಲ್ಲ.

ಅಷ್ಟಕ್ಕೇ ನಿಂತಿದ್ದರೂ ಆಗುತ್ತಿತ್ತು. ಹನ್ನೆರಡಕ್ಕೆ ಹೊರಡಬೇಕಿದ್ದ ವಿಮಾನ ತಡವಾಗಿ, ಇನ್ನೂ ಬೆಂಗಳೂರಿನ ನಿಲ್ದಾಣದಲ್ಲೇ ಕುಳಿತಿದ್ದಾಗ, ಒಂದೂ ನಲವತ್ತಕ್ಕೆ ಪಾವಗಡದ ಸೈಬರ್ ಸೆಂಟರಿನಿಂದ ಸ್ಪಂದನಾ ಫೋನ್ ಮಾಡಿದ್ದಳು. ಪೇಜು ತೆರೆದಿದೆ, ಈಗಲೇ ಒತ್ತಿಬಿಡಲಾ ಎಂದು ಕೇಳಿದ್ದಳು. ಗುರುವಾರ, ಒಂದೂವರೆಯಿಂದ ಮೂರರವರೆಗೆ ರಾಹುಕಾಲ. ಶನಿಮಹಾತ್ಮನ ಗುಡಿಯ ನೆರಳಲ್ಲೇ ಇರುವ ತಾಲ್ಲೂಕಿನವರು ಇಂಥದ್ದನ್ನು ಮರೆಯುವುದುಂಟೇ! ಓದಿನ ಕೆಲಸ, ಒಳ್ಳೇ ಗಳಿಗೆಯಲ್ಲಿ ಆಗಲಿ, ಮೂರು ಹೊಡೆಯಲಿ ಎಂದವಳು ವೇದಾವತಿಯೇ. ತಿಪ್ಪೇಶನೂ ಹಿಂದಿನಿಂದ ಹೌದೌದು ಅಂದಿದ್ದ. ರಾಹು ತನ್ನ ಪಾಡಿಗೆ ಹೋದ, ವಿಮಾನವೂ ಎರಡೂ ಮುಕ್ಕಾಲಿಗೆ ಮೇಲೆದ್ದಿತು.

ಪಕ್ಕದಲ್ಲಿ ಕುಳಿತಿದ್ದ ಜಯಕುಮಾರ್ ಎಂಬ ಕೊರಟಗೆರೆ ಕಡೆಯ ಪ್ರಯಾಣಿಕ, ದೆಹಲಿಗೆ ತಿಂಗಳಿಗೊಮ್ಮೆ ಓಡಾಡುವವನಂತೆ, ಅವಳಿಗೆ ವೈಫೈ ಹಾಕಿಕೊಟ್ಟಿದ್ದ. ಓಟಿಪಿ ಯಾಕೆ ಬರುತ್ತಿಲ್ಲ ಎಂದು ಈಗ ಅವನನ್ನೇ ಕೇಳಿದಳು. ಅವನು ಫೋನು ನೋಡಿ ಮೆಲ್ಲಗೆ ತಲೆಯಾಡಿಸಿದ.

“ಅಕ್ಕ, ಆ ಮೆಸೇಜು ನಿಮ್ಮ ಸಿಮ್ಮಿನ ಟವರಿಂದ ಬರ್ಬೇಕು. ಇದು ಪ್ಲೇನಿನ ವೈಫೈ. ವಾಟ್ಸಾಪ್ ಬರ್ತದೆ, ಅದು ಕೆಳಗಿಳಿಯೋಗಂಟ ಬರಲ್ಲ.”

ಎಷ್ಟು ಹೊತ್ತಿಗೆ ಇಳಿಯುತ್ತದೆ ಎಂದರೆ ಐದೂ ನಲವತ್ತು ಎಂದ. ಹತ್ತು ನಿಮಿಷ ತಡ.

ಆಗಲೇ ಹೇಳಿಬಿಡಬೇಕಿತ್ತು. ಹೇಳಲಿಲ್ಲ. ‘ಬರ್ತಾ ಐತೆ, ಸ್ವಲ್ಪ ಇರಮ್ಮ’ ಎಂದು ಒತ್ತಿ ಕಳಿಸಿದಳು. ಯಾವ ದೇವರಾದರೂ ಟವರು ಹಿಡಿದು ನಿಂತಾನೆಂದು ಕಾದಳು. ಕೆಳಗೆ ಹುಡುಗಿ ಮತ್ತೆ ಮತ್ತೆ ಓಟಿಪಿ ಕೇಳುತ್ತಿದ್ದಳು, ಮೇಲೆ ಇವಳು ಮತ್ತೆ ಮತ್ತೆ ಇರು ಅನ್ನುತ್ತಿದ್ದಳು. ಹೀಗೆ ಇಪ್ಪತ್ತು ನಿಮಿಷ ಹೋಯಿತು. ಕಿಟಕಿಯ ಕಡೆ ಕಣ್ಣು ಮುಚ್ಚಿ ಕುಳಿತಿದ್ದ ಸಿರಾದ ರಾಮಾಂಜಿನಮ್ಮ, ಅವಳೂ ತರಬೇತಿಗೆ ಹೊರಟ ಅಂಗನವಾಡಿಯವಳೇ, ಕಣ್ಣು ತೆರೆಯದೆಯೇ ಮಾತಾಡಿದಳು.

“ಇಲ್ಲಾದ್ರೂ ಎರಡೂವರೆ ಗಂಟೆ ಯಾರ ಕಾಟನೂ ಇಲ್ದಂಗೆ ಕೂತ್ಕಬೋದಿತ್ತು. ಆಕಾಶಕ್ಕೂ ಯಾಕ್ ತಂದವ್ರೋ ಈ ನೆಟ್ಟನ್ನ.”

ಜಯಕುಮಾರನಿಗೆ ಅದು ಒಪ್ಪಿಗೆಯಾಗಲಿಲ್ಲ. ಈಗಿನ ಕಾಲಕ್ಕೆ ಬಸ್ಸಿನಲ್ಲಿರುವಂತೆ ಇಲ್ಲೂ ಇರಲೇಬೇಕು, ಮನೆಯಲ್ಲಿ ಏನಾದರೂ ಆದರೆ ಗೊತ್ತಾಗುವುದು ಬೇಡವೇ ಎಂದು ವಾದಿಸಿದ. ಗೊತ್ತಾಗಿ ಇಲ್ಲಿಂದ ಧುಮುಕುತ್ತೀಯೇನಪ್ಪ ಎಂದು ರಾಮಾಂಜಿನಮ್ಮ ಕೇಳಿದ್ದಕ್ಕೆ ಅವನು ನಕ್ಕ. ವೇದಾವತಿಗೆ ನಗು ಬರಲಿಲ್ಲ. ನೆಟ್ ಇರದಿದ್ದರೆ ಅವಳು ಈ ಹೊತ್ತಿಗೆ ಮೋಡದ ಫೋಟೋ ತೆಗೆಯುತ್ತಿರುತ್ತಿದ್ದಳು. ಇಲ್ಲ, ನೆಟ್ ಇರದಿದ್ದರೆ ನಿನ್ನೆಯೇ ಸಿಮ್ ಬಿಚ್ಚಿ ಕೊಟ್ಟಿರುತ್ತಿದ್ದಳು.

ಮೂರೂ ಮೂವತ್ತೈದಕ್ಕೆ ಸ್ಪಂದನಾ ನೇರವಾಗಿ ಕೇಳಿದಳು. ಮಧುಗಿರಿಯ ಸಹಾಯ ಕೇಂದ್ರಕ್ಕೆ ಕಾಗದಪತ್ರ ಹಿಡಿದು ಹೋದರೆ ನಂಬರ್ ಬದಲಿಸಿ ಕೊಡುತ್ತಾರಂತೆ. ಐದು ಗಂಟೆಯೊಳಗೆ ಅಲ್ಲಿರಬೇಕಂತೆ. ‘ಹೋಗ್ಬೇಕಾ ಟೀಚರ್? ಇಲ್ಲಾ ಓಟಿಪಿ ಬರ್ತದಾ? ಒಂದು ಹೇಳಿ.’

ಬರುತ್ತದೆ ಅಂದರೆ ಇನ್ನೂ ಸ್ವಲ್ಪ ಹೊತ್ತು ಮಾನ ಉಳಿಯುತ್ತದೆ. ಬರುವುದಿಲ್ಲ ಅಂದರೆ ಇವತ್ತೇ ಸಂಜೆ ನಿಡುಗಲ್ಲಿನ ಅರಳಿಕಟ್ಟೆಯಲ್ಲಿ ಟೀಚರಮ್ಮನದೇ ಮಾತು. ಅವಳು ಟೈಪ್ ಮಾಡಿದಳು, ಅಳಿಸಿದಳು, ನೆಟ್ಟಿನ ಮೇಲೆ ತಪ್ಪು ಹೊರಿಸಿ ಒಂದು ಸಾಲು ಬರೆದು ಅದನ್ನೂ ಅಳಿಸಿದಳು. ಆಗ ಆ ಹುಡುಗಿ ಮೂರು ವರ್ಷದವಳಿದ್ದಾಗ ಸೆರಗು ಹಿಡಿದು ಹಿಂದೆ ಹಿಂದೆ ತಿರುಗುತ್ತಿದ್ದದ್ದು ನೆನಪಾಯಿತು. ‘ಬರಲ್ಲ ಕಣಮ್ಮ. ನಂದೇ ತಪ್ಪು. ಈಗ್ಲೇ ಹೊರಡ್ರಿ’ ಎಂದು ಕಳಿಸಿದಳು.

ಎರಡು ಗೆರೆ ನೀಲಿಯಾದವು. ಐದು ನಿಮಿಷದ ಮೇಲೆ ತಿಪ್ಪೇಶನ ಫೋನಿನಿಂದ ಒಂದು ವಾಯ್ಸ್ ಮೆಸೇಜು ಬಂತು. ಅವಳು ವಿಮಾನದ ಗದ್ದಲಕ್ಕೆ ಫೋನನ್ನು ಕಿವಿಗೆ ಒತ್ತಿ ಹಿಡಿದು ಕೇಳಿದಳು.

“ವೇದಕ್ಕ, ಆಗ್ಲೇ ಒಂದ್ಮಾತು ಹೇಳಿದ್ರೆ ಇಷ್ಟೊತ್ತಿಗೆ ಅರ್ಧ ದಾರೀಲಿ ಇರ್ತಿದ್ವಿ. ಸರಿ ಬಿಡು, ಹೊಂಟ್ವಿ.”

ಬೈದಿದ್ದರೆ ತಾಳಿಕೊಳ್ಳುತ್ತಿದ್ದಳು. ಅವನು ಬೈದಿರಲಿಲ್ಲ.

ಎಲ್ಲಿದ್ದೀರೆಂದು ಕಾಣುವಂತೆ ಲೊಕೇಶನ್ ಹಾಕಲು ಸ್ಪಂದನಾಳನ್ನು ಬೇಡಿದಳು. ಹುಡುಗಿ ಹಾಕಿದಳು. ಅಲ್ಲಿಂದಾಚೆ ವೇದಾವತಿಗೆ ವಿಮಾನವೂ ಇಲ್ಲ, ದೆಹಲಿಯೂ ಇಲ್ಲ. ಪರದೆಯ ಮೇಲೆ ಒಂದು ಚುಕ್ಕೆ ಪಾವಗಡ ಬಿಟ್ಟು ಮಧುಗಿರಿಯ ದಾರಿಯಲ್ಲಿ ಇರುವೆಯ ಹಾಗೆ ಸರಿಯುತ್ತಿತ್ತು. ಆ ರಸ್ತೆಯ ಒಂದೊಂದು ತಿರುವೂ ಅವಳಿಗೆ ಗೊತ್ತು. ಎಲ್ಲಿ ಹಂಪು, ಎಲ್ಲಿ ಹುಣಸೆಮರ, ಎಲ್ಲಿ ಆಂಧ್ರದ ತುಂಡು ನಡುವೆ ನುಗ್ಗಿ ಬೋರ್ಡುಗಳು ತೆಲುಗಾಗುತ್ತವೆ ಎಂಬುದೆಲ್ಲ. ತಿಪ್ಪೇಶನ ಹಳೇ ಬೈಕು ಏರಿನಲ್ಲಿ ಹೇಗೆ ಕೆಮ್ಮುತ್ತದೆ ಎಂಬುದೂ ಗೊತ್ತು. ಊಟದ ತಟ್ಟೆ ಬಂತು, ಹಾಗೇ ಹೋಯಿತು. ಜಯಕುಮಾರನೂ ಬಗ್ಗಿ ನೋಡತೊಡಗಿದ. ರಾಮಾಂಜಿನಮ್ಮ ಕೂಡ ಕಣ್ಣು ತೆರೆದು, ಏನು ಎತ್ತ ಎಂದು ತಿಳಿದುಕೊಂಡು, ತನ್ನ ಮನೆದೇವರಿಗೆ ಹರಕೆ ಹೊತ್ತಳು.

ನಾಲ್ಕೂ ಮೂವತ್ತೈದಕ್ಕೆ ಚುಕ್ಕೆ ಮಿಡಿಗೇಶಿಯ ಹತ್ತಿರ ನಿಂತುಬಿಟ್ಟಿತು.

ನೆಟ್ಟು ತಡವಾಗಿದೆಯೆಂದು ಅವಳು ಕಾದಳು. ಐದು ನಿಮಿಷ ಆಯಿತು, ಹತ್ತಾಯಿತು. ಸ್ಪಂದನಾಳಿಗೆ ಕಳಿಸಿದ ಮೆಸೇಜಿಗೆ ಒಂದೇ ಗೆರೆ. ತಿಪ್ಪೇಶನ ಫೋನಿಗೂ ಹಾಕಿದಳು, ಗಾಡಿ ಓಡಿಸುವವನು ಫೋನು ನೋಡುತ್ತಾನೆಯೇ. ಪಂಚರ್ ಆಗಿರಬಹುದು. ಪೆಟ್ರೋಲ್ ಮುಗಿದಿರಬಹುದು. ಮೂರನೆಯದನ್ನು ಅವಳ ಮನಸ್ಸು ಹೇಳಲು ಹೆದರಿತು, ಹೆದರಿ ಹೆದರಿ ಹೇಳಿಯೇಬಿಟ್ಟಿತು. ಆ ಬೈಕು ಅಷ್ಟು ಜೋರಾಗಿ ಓಡುತ್ತಿರುವುದು ತನ್ನಿಂದ. ಸೀಟು ಹೋದರೆ ಹೋಗಲಿ ಭಗವಂತ, ಅವರಿಬ್ಬರೂ ನೆಟ್ಟಗಿದ್ದರೆ ಸಾಕು ಎಂದು ಬೇಡಿಕೊಂಡಳು. ಮರುಕ್ಷಣವೇ, ಸೀಟು ಹೋದರೆ ಹೋಗಲಿ ಎನ್ನಲು ಅದೇನು ನನ್ನ ಸೀಟೇ ಎಂದು ನಾಚಿಕೆಯಾಯಿತು.

ಐದೂ ಹತ್ತಕ್ಕೆ ವಿಮಾನ ಇಳಿಯತೊಡಗಿತು, ವೈಫೈ ನಿಂತಿತು. ಗಗನಸಖಿಯನ್ನು ಕರೆದು ಇನ್ನೈದೇ ನಿಮಿಷ ಬಿಡಲು ಹೇಳಿ ಎಂದು ಅಂಗಲಾಚಿದಳು. ಜಯಕುಮಾರ್ ಅದನ್ನು ಹಿಂದಿಯಲ್ಲಿ ಹೇಳಿದ. ಆ ಹುಡುಗಿ ಕನಿಕರದಿಂದ ನಕ್ಕು, ಅದು ತನ್ನ ಕೈಯಲ್ಲಿಲ್ಲವೆಂದು ಹೇಳಿ, ಬೆಲ್ಟ್ ಸರಿಪಡಿಸಿ ಹೋದಳು. ಉಳಿದ ಅರ್ಧ ಗಂಟೆ ವೇದಾವತಿ ನಿಂತ ಚುಕ್ಕೆಯನ್ನೇ ನೋಡುತ್ತ ಕುಳಿತಳು. ಐದೂವರೆ ಆಕಾಶದಲ್ಲೇ ಆಯಿತು. ರಾಮಾಂಜಿನಮ್ಮ ಅವಳ ಮೊಣಕೈ ಹಿಡಿದುಕೊಂಡಳು.

ಚಕ್ರಗಳು ನೆಲ ಮುಟ್ಟಿ ವಿಮಾನ ಇನ್ನೂ ಓಡುತ್ತಿರುವಾಗಲೇ ಟವರು ಸಿಕ್ಕಿತು. ಫೋನು ಒಂದೇ ಸಮನೆ ನಡುಗಿತು. ಆರು ಅಂಕಿಯ ಓಟಿಪಿಗಳು, ಒಟ್ಟು ಏಳು, ಯಾರಿಗೂ ಬೇಡವಾಗಿ ಬಂದು ಸಾಲಾಗಿ ನಿಂತವು. ಎಂಟನೆಯ ಮೆಸೇಜು ಬೇರೆ ಥರ ಇತ್ತು. ಐದೂ ಹದಿನೆಂಟಕ್ಕೆ ಕಳಿಸಿದ್ದು. ಅಭ್ಯರ್ಥಿಯ ಕೋರಿಕೆಯಂತೆ ಈ ಮೊಬೈಲ್ ಸಂಖ್ಯೆಯನ್ನು ಅರ್ಜಿಯಿಂದ ತೆಗೆದುಹಾಕಲಾಗಿದೆ.

ಅವಳು ಅದನ್ನು ಮೂರು ಸಲ ಓದಿದಳು. ಅಷ್ಟರಲ್ಲಿ ತಿಪ್ಪೇಶನ ದನಿ ಬಂತು, ಹಿಂದೆ ಯಾವುದೋ ಅಂಗಡಿಯ ಗಲಾಟೆ.

“ವೇದಕ್ಕ, ಸೀಟು ಆಯ್ತು. ಮಿಡಿಗೇಶಿ ತಾವ ಸ್ಪಂದು ಫೋನು ಚಾರ್ಜ್ ಇಲ್ದೆ ಆಫ್ ಆಗ್ಬುಡ್ತು, ಗಾಬ್ರಿ ಆಗ್ಬೇಡ. ಕೇಂದ್ರದೋರು ಹಾಕಿದ್ ಬೀಗ ತೆಗ್ದು ಕೂರಿಸ್ಕಂಡು ಮಾಡ್ಕೊಟ್ರು, ಪುಣ್ಯಾತ್ಮರು.”

ವೇದಾವತಿ ಸೆರಗು ಬಾಯಿಗೆ ಒತ್ತಿಕೊಂಡು ಅತ್ತುಬಿಟ್ಟಳು. ಏನಾಯಿತೆಂದು ರಾಮಾಂಜಿನಮ್ಮ ಗಾಬರಿಯಾದಳು, ಆಯ್ತು ಆಯ್ತು ಎಂದು ಇವಳು ತಲೆಯಾಡಿಸಿದಳು. ಜಯಕುಮಾರ್ ಎದ್ದು ಮೇಲಿನಿಂದ ಅವಳ ಬ್ಯಾಗನ್ನೂ ಇಳಿಸಿಕೊಟ್ಟ. ಜನ ನಡುವಿನ ದಾರಿಯಲ್ಲಿ ಒಬ್ಬರ ಬೆನ್ನಿಗೊಬ್ಬರು ಅಂಟಿ ನಿಂತಿದ್ದರು. ಆಗ ಎರಡನೆಯ ದನಿ ಬಂತು. ತಿಪ್ಪೇಶ್ ಎಂದಿನಂತೆಯೇ, ಮೆತ್ತಗೆ ಮಾತಾಡುತ್ತಿದ್ದ.

“ಅಕ್ಕ, ಇಲ್ಲೇ ಸೈಬರ್‌ನಾಗೆ ಕುಂತಿದ್ದೀವಿ. ಗ್ಯಾಸಿಂದೂ ನನ್ನ ನಂಬರಿಗೆ ಮಾಡಿಸ್ತಾ ಇದ್ದೀನಿ. ತಪ್ಪು ತಿಳ್ಕಬೇಡ. ನಿಂಗೊಂದು ಓಟಿಪಿ ಬರ್ತದಂತೆ, ಅದೊಂದು ಹೇಳ್ಬುಡು.”

ಫೋನು ಕೈಯಲ್ಲಿ ನಡುಗಿತು. ಆರು ಅಂಕಿ. ವೇದಾವತಿ ಕಣ್ಣೊರೆಸಿಕೊಂಡು, ಎಲ್ಲೂ ತಪ್ಪಾಗದಂತೆ ಒಂದೊಂದನ್ನೇ ನೋಡಿ ಒತ್ತಿ ಕಳಿಸಿದಳು.