ಯಾವ ಲಿಂಗಸಾಮಿಯನ್ನು ಕೇಳುವುದು?

೧

ಮೆದುಳಿನಿಂದ ಶುರು ಮಾಡಲೇ, ಮಗ್ಗದಿಂದಲೇ? ಮೆದುಳಿನಿಂದ ಶುರುವಾದ ಮೊದಲ ಡ್ರಾಫ್ಟ್ ಪಠ್ಯಪುಸ್ತಕದಂತಾಯಿತು, ಹರಿದೆ. ಹಾಗಾಗಿ ಮಗ್ಗ. ೨೦೦೬, ಕೊಯಮತ್ತೂರಿನ ಹತ್ತಿರದ ಸಿರುಮುಗೈ. ಲಿಂಗಸಾಮಿ ರೇಷ್ಮೆ ನೇಯುವವರು; ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ಪಾರ್ಕಿನ್ಸನ್ ಕಾಯಿಲೆ ಬಂದು ಕೈ ನಡುಗಿ, ಲಾಳಿ ಹಿಡಿಯುವುದೇ ಆಗದಾಯಿತು. ಕೊಯಮತ್ತೂರಿನ ಆಸ್ಪತ್ರೆಯಲ್ಲಿ ಧಾರವಾಡದ ಡಾಕ್ಟರ್ ಧನಶ್ರೀ ಮಾತ್ರೆ ಕೊಟ್ಟರು. ನಡುಕ ನಿಂತಿತು. ಮಗಳು ನಿತ್ಯಾಳ ಮದುವೆಗೆಂದು ಸೀರೆಯನ್ನೂ ನೇಯ್ದು ಮುಗಿಸಿದರು.

(ಇಲ್ಲೇ ನಿಲ್ಲಿಸಿದ್ದರೆ ಯಾವುದಾದರೂ ವಿಶೇಷಾಂಕ ಹಾಕಿಕೊಳ್ಳುತ್ತಿತ್ತು.)

೨

ಆಮೇಲೆ ಪಾರಿವಾಳ. ಮೊದಲು ಒಂದು ಜೋಡಿ. ಮತ್ತೆ ಮತ್ತೆ ಬಸ್ಸು ಹತ್ತಿ ಉಕ್ಕಡಂನ ಹಕ್ಕಿ ಸಂತೆಗೆ ಹೋದರು, ಅಡುಗೆಮನೆಯಲ್ಲೂ ಗೂಡುಗಳೆದ್ದವು. ಹೆಂಡತಿ ಕಾಮಾಕ್ಷಿಯಮ್ಮ ಗದರಿದರೆ ಇನ್ನು ಹೋಗುವುದಿಲ್ಲ ಎನ್ನುತ್ತಿದ್ದರು, ಮನಃಪೂರ್ವಕವಾಗಿಯೇ. ಒಂದು ದಿನ ನಿತ್ಯಾಳ ಸೀರೆಯನ್ನೇ ಕೊಟ್ಟು, ಬಾಲ ಬಿಚ್ಚಿದರೆ ಬೀಸಣಿಗೆಯಾಗುವ ಬಿಳಿ ಜೋಡಿಯೊಂದನ್ನು ತಂದರು. ನಿತ್ಯಾ ಅಪ್ಪನ ಜೊತೆ ಮಾತು ಬಿಟ್ಟಳು.

೩

ಈಗ ಮೆದುಳು, ಚುಟುಕಾಗಿ. ಧನಶ್ರೀ ವಿವರಿಸಿದ್ದು ಹೀಗೆ: ಡೋಪಮಿನ್ ತಯಾರಿಸುವ ಜೀವಕೋಶಗಳು ‘ಇದಕ್ಕೆ ಬೆಲೆಯಿದೆ’ ಎಂದು ಸಾರುತ್ತವೆ. ಅದನ್ನು ಕೇಳಿಸಿಕೊಳ್ಳುವ ಕೋಶಗಳಲ್ಲಿ ಒಂದು ಜಾತಿ ‘ನಡೆ’ ಎನ್ನುತ್ತದೆ, ಇನ್ನೊಂದು ‘ತಡೆ’. ಸಾರುವವು ಸತ್ತಿದ್ದಕ್ಕೆ ಕೈ ನಡುಗಿತು. ಅವುಗಳ ಬದಲು ಮಾತ್ರೆ ಸಾರತೊಡಗಿತು. ಆದರೆ ಆಸೆಯನ್ನು ತೂಗುವ ಕಡೆ ಅಂಥ ಕೋಶಗಳು ಇನ್ನೂ ಬದುಕಿದ್ದವು. ಅಲ್ಲಿ ಸದ್ದು ಅತಿಯಾಗಿ ‘ತಡೆ’ಯ ದನಿ ಅಡಗಿತು; ಪಾರಿವಾಳದ ಹುಚ್ಚು ಅದರಿಂದಲೇ. ಮಾತ್ರೆ ಕಡಿಮೆ ಮಾಡಬಹುದು, ಆದರೆ ನಡುಕ ಮರಳುತ್ತದೆ ಎಂದರು. ಲಿಂಗಸಾಮಿ ಕಡಿಮೆ ಮಾಡುವುದು ಬೇಡವೆಂದರು.

“ಅದ ಹೇಳ್ತಿರೋದು ಇವರಲ್ಲ, ಮಾತ್ರೆ,” ಎಂದರು ಕಾಮಾಕ್ಷಿಯಮ್ಮ. “ಕೊಂಚ ಕಮ್ಮಿ ಮಾಡಿ, ಆಮೇಲ ಕೇಳಿ ಡಾಕ್ಟ್ರಮ್ಮ.”

ಹೆಂಡತಿಯ ಹಟಕ್ಕೆ ಮಣಿದು ಲಿಂಗಸಾಮಿ ಕೆಲವು ವಾರ ಒಪ್ಪಿಕೊಂಡರು.

೪

ಮುಕ್ತಾಯ ಒಂದು: ನಡುಕ ತಾಳದೆ ಹಳೆಯ ಡೋಸಿಗೇ ಮರಳುತ್ತಾರೆ. ಮುಕ್ತಾಯ ಎರಡು: ಮಗಳು ಮುಟ್ಟಿದೊಡನೆ ಕೈ ತಾನಾಗಿ ನಿಲ್ಲುತ್ತದೆ (ಸಿನಿಮಾ, ಹೊಡೆದುಹಾಕಿದೆ). ನಡೆದದ್ದು ಬೇರೆ. ಡಾಕ್ಟರ್ ಮತ್ತೆ ಕೇಳಿದಾಗ, ಲೋಟ ಹಿಡಿಯಲಾಗದ ಕೈಯನ್ನು ತೊಡೆಯ ಕೆಳಗೆ ಒತ್ತಿಟ್ಟುಕೊಂಡು, ಇಷ್ಟೇ ಮಾತ್ರೆ ಸಾಕು ಎಂದರು.

ನಾನು ಕೆಣಕಿದೆ: ನಿಜವಾದ ಲಿಂಗಸಾಮಿ ಯಾರು, ಆಗಿನವರೋ ಈಗಿನವರೋ?

“ಇಬ್ಬರೂ ನಾನೇ,” ಎಂದರು. “ಸೀರೆ ಕೊಟ್ಟ ಕೈಯೂ ಇದೇ. ಎಲ್ಲಾ ಮಾತ್ರೆ ಮೇಲೆ ಹಾಕಿ ನನ್ನ ಬಿಟ್ಟುಬಿಡಬ್ಯಾಡ.”

೫

ಇನ್ನೊಂದು ಸೀರೆಗೆಂದು ಮಗ್ಗಕ್ಕೆ ಹೊಸ ಹಾಸಿನ ಎಳೆ ಏರಿಸಿದ್ದಾರೆ. ಲಾಳಿ ಬೀಳುತ್ತಲೇ ಇರುತ್ತದೆ. ಎತ್ತಿಕೊಡಲು ಬಂದ ಹೆಂಡತಿಯನ್ನು ಬೇಡವೆಂದು ತಾವೇ ಬಗ್ಗುತ್ತಾರೆ. ನಿತ್ಯಾ ಬಾಗಿಲಲ್ಲಿ ನಿಂತು ನೋಡಿ ಹೋಗುತ್ತಾಳೆ, ಇನ್ನೂ ಮಾತಿಲ್ಲ. ಮದುವೆಯ ಹೊತ್ತಿಗೆ ಸೀರೆ ಮುಗಿಯಿತು ಎಂದು ಬರೆಯಲು ನನಗೆ ಒಂದೇ ಸಾಲು ಸಾಕು. ಪೆನ್ನೆತ್ತಿದಾಗ ಲಿಂಗಸಾಮಿ ಮಗ್ಗದಿಂದ ತಲೆಯೆತ್ತಿದರು.

“ಅದ ನೀ ಬರೀಬ್ಯಾಡ. ನಾ ನೆಯ್ತೀನಿ.”