ಹೇಸರಗತ್ತೆಯ ಕಿವಿ

"ಕಾಲು ಕೊಡು ತಾಯಿ," ಎಂದಳು ಸಿರಾ, ಬೋಗುಣಿಯನ್ನು ನೆಲಕ್ಕಿಟ್ಟು.

ಥಲ್ಲೂಸ ಕಾಲನ್ನು ಇನ್ನಷ್ಟು ಹಿಂದಕ್ಕೆಳೆದುಕೊಂಡಳು. ಹೋದ ವರ್ಷದವರೆಗೆ ಈ ಬೋಗುಣಿಯನ್ನು ಇಬ್ಬರೂ ಸೇರಿ ಎತ್ತುತ್ತಿದ್ದರು. ಅತಿಥಿಗಳ ಪಾದವನ್ನು ಸಿರಾ ತೊಳೆದರೆ ಇವಳು ಒರೆಸುತ್ತಿದ್ದಳು.

"ನಾನೇ ತೊಳ್ಕೋತೀನಿ ಬಿಡೇ."

"ತೊಳ್ಕೋ, ತೊಳ್ಕೋ. ನಿಮ್ಮತ್ತಿಗೆ ಅದನ್ನೇ ಕಾಯ್ತಾ ಕೂತವ್ಳೆ."

ಒಡೆಯನಾಗಿದ್ದ ನುಮೇರಿಯಸ್ ಅವಳನ್ನು ದಾಸ್ಯದಿಂದ ಬಿಡಿಸಿ ಮದುವೆಯಾಗಿ ಎಂಟು ತಿಂಗಳಾಗಿತ್ತು. ಅವಳು ಹೆಂಡತಿಯಾಗಿ ಅತಿಥಿಗಳ ಜೊತೆ ಊಟದ ಮಂಚದಲ್ಲಿ ಒರಗಿ ಉಣ್ಣುವುದು ಇವತ್ತೇ ಮೊದಲು. ಅವನ ಅಕ್ಕ ಗ್ರಾನಿಯ ಬೆಳಿಗ್ಗೆಯೇ ಎಲ್ಲರಿಗೂ ಕೇಳುವಂತೆ ಹೇಳಿದ್ದಳು: "ಒರಗ್ಲಿ, ಬೇಡ ಅಂದೋರ್ಯಾರು? ಊಟ ಮುಗಿಯೋತನಕ ಮಂಚದಿಂದ ಇಳೀದೆ ಇದ್ರೆ ನಾಳೆಯಿಂದ ಈ ಮನೆ ಅವಳ್ದು. ಇಳಿದ್ಲೋ, ಅವಳೂಟ ಅಡಿಗೆಮನೆ ಬಾಗಿಲಲ್ಲೇ." ನುಮೇರಿಯಸ್ ನಕ್ಕಿದ್ದ. ಥಲ್ಲೂಸಳಿಗೆ ನಗು ಬಂದಿರಲಿಲ್ಲ.

ಊಟದ ಕೋಣೆಯಲ್ಲಿ ಸಂಜೆಯ ಬಿಸಿಲಿತ್ತು. ಬಂದರಿನ ಕಡೆಯಿಂದ ಗಾಳಿ ಬೀಸಿದಾಗಲೆಲ್ಲ ಗುಡ್ಡದ ಗಂಧಕದ ವಾಸನೆಯೂ ಬರುತ್ತಿತ್ತು. ಅವಳು ಗಂಡನ ಪಕ್ಕ ಎಡಮೊಣಕೈಯನ್ನು ದಿಂಬಿಗೂರಿ ಒರಗಿದಳು. ಹನ್ನೊಂದು ವರ್ಷ ಉಜ್ಜಿದ ಮಂಚ; ಅದರ ಮೇಲೆ ಮೈಯಿಟ್ಟದ್ದು ಇದೇ ಮೊದಲು. ಬಳೆ ಬಳೆಯಾಗಿ ಕಡೆದ ಕಂಚಿನ ಕಾಲುಗಳು ಅವಳಿಗೆ ಕಣ್ಣುಮುಚ್ಚಿದರೂ ಕಾಣುತ್ತಿದ್ದವು. ದಿಂಬಿನಾಸರೆಯ ಬಾಗಿದ ಅಂಚಿನ ಕೆಳತುದಿಯಲ್ಲಿ ದ್ರಾಕ್ಷಾರಸದ ದೇವರ ಎಳೆಯ ಮುಖ, ತುಟಿಗೆ ಕೆಂಪು ತಾಮ್ರ. ಮೇಲ್ತುದಿಯಲ್ಲಿ ಹೇಸರಗತ್ತೆಯ ತಲೆ. ಬಳ್ಳಿಯ ಹಾರ ತೊಟ್ಟು, ಬೆಳ್ಳಿಗಣ್ಣು ಹೊರಳಿಸಿ, ಕಿವಿಗಳನ್ನು ಹಿಂದಕ್ಕೆ ಮಡಿಚಿ, ಈಗಷ್ಟೇ ಯಾರೋ ರೇಗಿಸಿದಂತೆ ಕತ್ತು ತಿರುಗಿಸಿದ ಹೇಸರಗತ್ತೆ. ಮೂಗಿನ ಹೊಳ್ಳೆಯ ಸುಕ್ಕನ್ನು ಒರೆಸುವಾಗ ಬಿಸಿಯುಸಿರು ಬೆರಳಿಗೆ ತಾಕೀತೆಂದು ಅವಳಿಗೆ ಎಷ್ಟೋ ಸಲ ಅನ್ನಿಸಿದ್ದುಂಟು.

ಗ್ರಾನಿಯ ಒರಗಲಿಲ್ಲ. ಹಳೇ ಕಾಲದ ಹೆಂಗಸರಂತೆ ಎತ್ತರದ ಕುರ್ಚಿಯಲ್ಲಿ ನೆಟ್ಟಗೆ ಕೂತು ಮೊಟ್ಟೆ ಸುಲಿಯುತ್ತಿದ್ದಳು, ಕಣ್ಣು ಮಾತ್ರ ಇತ್ತಲೇ.

ಮೀನು ಬಂತು. ಎದುರಿನ ಮಂಚದಲ್ಲಿ ಒರಗಿದ್ದ ಹಡಗಿನ ಯಜಮಾನ ಅನ್ನಿಯಸ್ ಬೆರಳು ನೆಕ್ಕುತ್ತ ಕೇಳಿದ, "ಈ ಮಂಚ ಕಾಪುವದ್ದೇನಯ್ಯ?"

"ಡೀಲೋಸ್ ದ್ವೀಪದ್ದು. ನಮ್ಮಪ್ಪ ತರ್ಸಿದ್ದು."

"ನಿಮ್ಮಪ್ಪನಿಗೆ ಯಾರೋ ಚೆನ್ನಾಗಿ ಟೋಪಿ ಹಾಕಿದಾರೆ. ಕಾಪುವದ ಬೀದೀಲಿ ಇಂಥ ತಲೆ ರಾಶಿ ಬಿದ್ದಿರ್ತವೆ. ಆ ಪ್ರಾಣಿ ಮುಖ ನೋಡು! ಸಿಟ್ಟು ಯಾಕೆ ಅಂತ ಅದನ್ನ ಮಾಡಿದೋನಿಗೂ ಗೊತ್ತಿಲ್ಲ. ನಿನ್ನ ದ್ರಾಕ್ಷಾರಸ ಕುಡಿದಿರ್ಬೇಕು."

ಎಲ್ಲರೂ ನಕ್ಕರು. ನುಮೇರಿಯಸನೂ ನಕ್ಕ, ಆದರೆ ಕಿವಿ ಕೆಂಪಾಗಿತ್ತು.

"ನೊಣ ಇದೆ," ಎಂದಳು ಥಲ್ಲೂಸ.

"ಎಲ್ಲಿ? ಮೀನಿನ ಮೇಲಾ?"

"ಅದರ ಕಿವಿ ಹಿಂದೆ. ನೊಣ ಕೂತಿದೆ, ಅದಕ್ಕೇ ಸಿಟ್ಟು. ಮಾಡಿದೋರಿಗೆ ಗೊತ್ತಿತ್ತು."

ಅವಳು ಈ ಮನೆಗೆ ಬಂದ ಎರಡನೇ ವರ್ಷ, ಎಣ್ಣೆಯಲ್ಲದ್ದಿದ ಉಣ್ಣೆಯ ಎಳೆಯನ್ನು ಆ ಕಿವಿಯ ಮಡಿಕೆಯೊಳಗೆ ತೂರಿಸಿ ಉಜ್ಜುವಾಗ ಸಿಕ್ಕಿದ್ದ ನೊಣ ಅದು. ಮಂಚದ ಮರದ ಕಡೆಗೆ, ಯಾರ ಕಣ್ಣಿಗೂ ಬೀಳದ ಜಾಗದಲ್ಲಿ, ಎಳ್ಳಿನಷ್ಟು ಬೆಳ್ಳಿ. ಅದಕ್ಕೂ ಎರಡು ರೆಕ್ಕೆ, ರೆಕ್ಕೆಯಲ್ಲಿ ಕೂದಲೆಳೆಯ ಗೀರು. ಸಿರಾಗೂ ಹೇಳಿರಲಿಲ್ಲ. ಉಟ್ಟ ಬಟ್ಟೆಯೂ ತನ್ನದಲ್ಲದ ಆ ದಿನಗಳಲ್ಲಿ ಅದೊಂದು ಅವಳದಾಗಿತ್ತು.

"ತೋರ್ಸಮ್ಮ ಮತ್ತೆ," ಎಂದ ಅನ್ನಿಯಸ್.

ದಿಂಬನ್ನು ಸರಿಸಿದ್ದು ಅವಳಿಗೆ ನೆನಪಿದೆ. ಕೆಳಗಿಳಿದದ್ದು ನೆನಪಿಲ್ಲ. ನೆಲದ ತಂಪು ಮಂಡಿಗೆ ತಾಕಿದಾಗಲೇ ಎಚ್ಚರವಾಯಿತು. ಮಂಚದ ತಲೆಯ ಬದಿಯಲ್ಲಿ, ದಿನಾ ಉಜ್ಜಲು ಕೂರುತ್ತಿದ್ದ ಅದೇ ನೆಲಗಲ್ಲಿನ ಮೇಲೆ, ಅದೇ ರೀತಿ ಕೂತಿದ್ದಳು.

"ಅಭ್ಯಾಸ ನೋಡಿ!" ಎಂದು ಯಾರೋ ಕಿಸಕ್ಕೆಂದರು.

"ಥಲ್ಲೂಸ, ಮೇಲೆ ಬಾ," ಎಂದ ನುಮೇರಿಯಸ್ ತಗ್ಗಿದ ದನಿಯಲ್ಲಿ. ಬಾಗಿಲ ಹತ್ತಿರ ಸಿರಾ ತುಟಿ ಕಚ್ಚಿಕೊಂಡು ನಿಂತಿದ್ದಳು.

ಥಲ್ಲೂಸ ಎದ್ದು ಮೇಲೆ ಹೋಗಿ ಒರಗಬಹುದಿತ್ತು, ಏನೂ ಆಗಿಲ್ಲವೆಂಬಂತೆ. ಆದರೆ ಕೈ ಆಗಲೇ ಆ ಕತ್ತಿನ ಮೇಲಿತ್ತು. ಇಷ್ಟು ಚೆಂದವಾಗಿ ಮಾಡಿದವನನ್ನು, ಏನೂ ಗೊತ್ತಿಲ್ಲದವನೆನ್ನಲು ಇವರಿಗೆ ಬಿಟ್ಟು ಎದ್ದುಹೋಗಲು ಮನಸ್ಸು ಒಪ್ಪಲಿಲ್ಲ.

"ಒರಗಿದ್ರೆ ಕಾಣಲ್ಲ," ಎಂದಳು. "ನೋಡ್ಬೇಕು ಅಂದ್ರೆ ಇಲ್ಲಿಗೇ ಬರ್ಬೇಕು."

ಗಂಡಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾರೂ ಅಲ್ಲಾಡಲಿಲ್ಲ. ಆಗ ಕುರ್ಚಿ ನೆಲಕ್ಕೆ ಉಜ್ಜಿದ ಸದ್ದಾಯಿತು. ಗ್ರಾನಿಯ ಎದ್ದು, ಮಂಚದ ಅಂಚು ಹಿಡಿದು, ಒಂದೊಂದೇ ಮಂಡಿಯನ್ನು ಕೆಳಗೂರಿದಳು.

"ಆಚೆ ಸರಿಯೇ, ನಂಗೂ ಜಾಗ ಬೇಕು. ನಾನು ಹುಟ್ಟಿದ್ದೇ ಈ ಮಂಚದ ಮೇಲೆ. ಎಲ್ಲಿದೆ ನೊಣ?"

"ಕಣ್ಣಿಗೆ ಬೇಗ ಸಿಗಲ್ಲ ಅತ್ತಿಗೆ. ಬೆರಳು ಕೊಡಿ."

ಮುದುಕಿಯ ತೋರುಬೆರಳಿನ ಗೆಣ್ಣು ಊದಿತ್ತು, ಮಡಿಕೆಯೊಳಗೆ ಹೋಗಲಿಲ್ಲ. ಥಲ್ಲೂಸ ಅವಳ ಕಿರುಬೆರಳನ್ನು ಬಿಡಿಸಿ, ಮೆಲ್ಲಗೆ ಕಂಚಿನ ಕಿವಿಯ ಹಿಂದಕ್ಕೆ ನಡೆಸಿದಳು. ಗ್ರಾನಿಯ ಕಣ್ಣು ಮುಚ್ಚಿದಳು. ಹುಬ್ಬು ಗಂಟಿಕ್ಕಿತು, ಆಮೇಲೆ ನಿಧಾನಕ್ಕೆ ಸಡಿಲವಾಯಿತು. ಮಂಚದ ಮೇಲಿದ್ದವರು ಕತ್ತು ಉದ್ದ ಮಾಡಿ ಬಗ್ಗುತ್ತಿದ್ದರು. ಅವರಿಗೆ ಕಂಡದ್ದು ಒಟ್ಟಿಗೆ ಬಾಗಿದ ಎರಡು ತಲೆಗಳ ಬೈತಲೆ ಮಾತ್ರ.