ಹೋರಿ ತಿರುಗಿದ ಜಾಗ

"ಹೋರಿ ಆಟ ಮಾಡೋದು ಇಲ್ಲೇ ಏನ್ರೀ?"

ಬಾಗಿಲಲ್ಲಿ ನಿಂತ ಹೆಂಗಸು ಕೇಳಿದಾಗ ಶರಣ್ಯಾ ತಲೆ ಎತ್ತಲಿಲ್ಲ. ನಾಲ್ಕು ವರ್ಷದಿಂದ ಕೇಳಿ ಕೇಳಿ ಸವೆದುಹೋದ ಪ್ರಶ್ನೆ ಅದು. "ಇಲ್ಲೇ ಮಾಡ್ತಿದ್ವಿ. ಇವತ್ತಿಗೆ ಮುಗೀತು," ಎಂದು ಕೈಯಲ್ಲಿದ್ದ ರಟ್ಟಿನ ಪೆಟ್ಟಿಗೆಗೆ ಟೇಪು ಸುತ್ತಿದಳು. ಹೆಂಗಸು ಹೋಗಲಿಲ್ಲ. ಅವಳ ಸೆರಗು ಹಿಡಿದು ಏಳೆಂಟು ವರ್ಷದ ಹುಡುಗಿಯೊಂದು ನಿಂತಿತ್ತು.

ಆರು ಕಂಪ್ಯೂಟರುಗಳಲ್ಲಿ ಐದು ಆಗಲೇ ಕೆಳಗಿನ ಟೆಂಪೋ ಸೇರಿದ್ದವು. ಶಿರಾಳಕೊಪ್ಪದ ತರಬೇತಿ ಕೇಂದ್ರವೊಂದು ಎಲ್ಲವನ್ನೂ ಒಟ್ಟಿಗೆ ಕೊಂಡಿತ್ತು. ಟೆಂಪೋದ ಲೋಕಪ್ಪ ಮೇಜಿನ ಕೆಳಗೆ ಕೂತು, ಯಾರನ್ನೋ ಬೈದುಕೊಳ್ಳುತ್ತಾ ವೈರು ಬಿಡಿಸುತ್ತಿದ್ದ. ಉಳಿದದ್ದು ಶರಣ್ಯಾಳ ಕಂಪ್ಯೂಟರು. ಬೇರೆ ಐದರಲ್ಲಿದ್ದದ್ದನ್ನೆಲ್ಲ ಅವಳು ಬೆಳಿಗ್ಗೆಯೇ ಅಳಿಸಿದ್ದಳು. ಇದರ ಮುಂದೆ ಮಾತ್ರ ಮೂರು ಸಲ ಕೂತು ಮೂರು ಸಲ ಎದ್ದಿದ್ದಳು. ಅದರಲ್ಲೊಂದು ವಿಡಿಯೋ ಇತ್ತು.

ಗೊರಸು ಗೇಮ್ಸ್ ಶುರುವಾದದ್ದು ಶಿಕಾರಿಪುರದ ರಸಗೊಬ್ಬರದ ಅಂಗಡಿಯೊಂದರ ಮೇಲಿನ ಈ ಎರಡು ಕೋಣೆಗಳಲ್ಲಿ. ಅಂಗಡಿ ವೈಭವ್‌ನ ಅಪ್ಪನದು. ವೈಭವ್, ವಿಕ್ರಮ್, ಸೊರಬದಿಂದ ದಿನಾ ಬಸ್ಸಿಗೆ ಬರುತ್ತಿದ್ದ ಶರಣ್ಯಾ, ಮೂವರೂ ಶಿವಮೊಗ್ಗದಲ್ಲಿ ಒಟ್ಟಿಗೆ ಓದಿದವರು. ಜಗತ್ತೆಲ್ಲ ಕಾರು ಓಡಿಸುವ ಆಟ, ಗುಂಡು ಹಾರಿಸುವ ಆಟ ಮಾಡುತ್ತಿರುವಾಗ ನಾವು ಹೋರಿ ಬೆದರಿಸುವ ಆಟ ಮಾಡೋಣ ಎಂದವನು ವೈಭವ್. ದೀಪಾವಳಿ ಕಳೆದರೆ ಈ ಸೀಮೆಯಲ್ಲಿ ಬೇರೆ ಮಾತೇ ಇರುವುದಿಲ್ಲ. ಕೊರಳಿಗೆ ಕೊಬ್ಬರಿ ಹಾರ, ಕೊಂಬಿಗೆ ಬಲೂನು ಕಟ್ಟಿದ ಹೋರಿ, ಎರಡೂ ಕಡೆ ಕಿಕ್ಕಿರಿದ ಜನರ ನಡುವೆ ನುಗ್ಗುತ್ತದೆ. ಹಾರ ಕಿತ್ತವನು ಗಂಡು. ಕೀಳಲು ಬಿಡದಿದ್ದರೆ ಹೋರಿಯೇ ಗಂಡು. ಇದನ್ನು ಫೋನಿಗೆ ಇಳಿಸಿದರೆ ಆಡದವರಾರು?

ಹೋರಿಯನ್ನು ಓಡಿಸುವ ಕೆಲಸ ಶರಣ್ಯಾಳದು. ಜನ ಫೋನಿನಲ್ಲಿ ತೆಗೆದು ಹಂಚಿದ್ದ ವಿಡಿಯೋಗಳನ್ನು ಒಂದೊಂದೇ ಚಿತ್ರವಾಗಿ ನಿಲ್ಲಿಸಿ, ಹೋರಿಯ ಕಾಲು, ಭುಜ, ಕತ್ತು ಎಲ್ಲೆಲ್ಲಿವೆ ಎಂದು ಗುರುತು ಹಾಕಿ, ಅದೇ ಓಟವನ್ನು ಆಟದ ಹೋರಿಗೆ ಕೊಡುತ್ತಿದ್ದಳು. ಮುಖ ಕಂಡರೆ ಯಾರಾದರೂ ತಕರಾರು ತೆಗೆದಾರು ಎಂದು ಜನರನ್ನೆಲ್ಲ ಅಳಿಸುತ್ತಿದ್ದಳು. ಆಟದ ಮೂರನೇ ಅಖಾಡದ ಓಟಕ್ಕೆ ಸಿಕ್ಕಿದ್ದು ಸೊರಬದ ಕಡೆಯ ಊರೊಂದರ ವಿಡಿಯೋ. ನೀರಿನ ಟ್ಯಾಂಕು ದಾಟುತ್ತಿದ್ದಂತೆ ಆ ಹೋರಿ ನೆಲಕ್ಕೆ ಭುಜ ತಾಗುವಷ್ಟು ಬಾಗಿ ಎಡಕ್ಕೆ ತಿರುಗುತ್ತಿತ್ತು. ತಿರುಗಿದ ಕಡೆ ನೀಲಿ ಅಂಗಿಯವನೊಬ್ಬನಿದ್ದ. ಅಲ್ಲಿಂದಾಚೆ ಫೋನು ಅಲುಗಾಡಿ ಬರೀ ಆಕಾಶ, ಕೂಗಾಟ. "ಯಾರಿಗೋ ಪೆಟ್ಟಾಯ್ತಂತೆ. ಹಬ್ಬ ಅಂದ್ಮೇಲೆ ಇದ್ದದ್ದೇ," ಎಂದಿದ್ದ ವೈಭವ್. ಎಷ್ಟು ಪೆಟ್ಟು ಎಂದು ಅವಳು ಕೇಳಲಿಲ್ಲ. ತಿರುಗುವವರೆಗಿನ ಓಟವನ್ನೂ ಟ್ಯಾಂಕನ್ನೂ ಇಟ್ಟುಕೊಂಡು, ನೀಲಿ ಅಂಗಿಯನ್ನು ಅಳಿಸಿ ಹಾಕಿದಳು.

ಆಟ ಹೊರಬಂದ ತಿಂಗಳಿಗೇ ಸುದ್ದಿ ಹುಟ್ಟಿತು. ಟ್ಯಾಂಕಿನ ಹತ್ತಿರ ಏನೂ ಇಲ್ಲ, ಆದರೂ ಹೋರಿ ಏನನ್ನೋ ಕಂಡು ತಿರುಗುತ್ತದೆ. ಅಲ್ಲಿ ಯಾವುದೋ ದೆವ್ವ ನಿಂತಿದೆ. ಹಿರೇಕೆರೂರಿನ ಹುಡುಗನೊಬ್ಬ ಆ ತಿರುವನ್ನು ನಿಧಾನ ಮಾಡಿ ವಿಡಿಯೋದಲ್ಲಿ ತೋರಿಸಿದ, ಎರಡು ಲಕ್ಷ ಜನ ಆಟ ಇಳಿಸಿಕೊಂಡರು. ಓಟ ನೇರ ಮಾಡೋಣ ಎಂದ ವಿಕ್ರಮ್. "ಹಾಲು ಕೊಡೋ ಎಮ್ಮೆ ಒದ್ರೆ ಒದೀಲಿ ಬಿಡೋ," ಎಂದು ವೈಭವ್ ನಕ್ಕ. ದೆವ್ವ ಯಾವುದೆಂದು ಗೊತ್ತಿದ್ದದ್ದು ಶರಣ್ಯಾಳೊಬ್ಬಳಿಗೇ. ಬಸ್ ನಿಲ್ದಾಣದಲ್ಲಿ ನೀಲಿ ಅಂಗಿ ಕಂಡರೆ ಬೇರೆ ಕಡೆ ಮುಖ ತಿರುಗಿಸುತ್ತಿದ್ದಳು. ಆ ಮನುಷ್ಯ ಬದುಕಿದ್ದಾನೆ, ಎಲ್ಲೋ ಜೋಳ ಬಿತ್ತುತ್ತಿದ್ದಾನೆ ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ವಿಚಾರಿಸಬಹುದಿತ್ತು, ಒಂದು ಫೋನಿನ ಕೆಲಸ. ಮಾಡಲಿಲ್ಲ, ಯಾಕೆಂದರೆ ಅವಳಿಗೆ ಹೆದರಿಕೆಯಾಗಿತ್ತು.

ಆಮೇಲೆ ಕಬಡ್ಡಿ ಆಟ ಮಾಡಿದರು. "ಇದ್ರಲ್ಲಿ ದೆವ್ವ ಎಲ್ಲೈತೆ?" ಎಂದು ಕೇಳಿ ಜನ ಮರೆತರು. ಹೊಸ ಫೋನುಗಳಲ್ಲಿ ಹಳೆಯ ಆಟ ನಿಂತು ನಿಂತು ಓಡತೊಡಗಿತು. ಪೂರ್ತಿ ಹೊಸದಾಗಿ ಬರೆಯಬೇಕಿತ್ತು. ಅಷ್ಟರಲ್ಲಿ ವಿಕ್ರಮ್‌ಗೂ ವೈಭವ್‌ಗೂ ಮಾತು ಬಿಟ್ಟಿತ್ತು. ಈಗ ವೈಭವ್ ಕೆಳಗೆ ಅಪ್ಪನ ಗಲ್ಲಾದ ಮೇಲೆ ಕೂತಿದ್ದ. ಬೆಳಗಿನಿಂದ ಒಮ್ಮೆಯೂ ಮೆಟ್ಟಿಲು ಹತ್ತಿ ಬಂದಿರಲಿಲ್ಲ.

"ನಾ ಗಂಗಾಶ್ರೀ ಅಂತ. ಸೊರಬದ ಕಡೇಳು," ಎಂದಳು ಹೆಂಗಸು. "ಒಂದು ಮಾತು ಕೇಳಕ್ಕೆ ಎರಡು ಬಸ್ ಹತ್ತಿ ಬಂದೀನಿ. ನಯನ, ನೀ ಹೊರಗಡೆ ಕೂತ್ಕೋ."

ಹುಡುಗಿ ಮೆಟ್ಟಿಲ ಬಳಿ ಇಟ್ಟಿದ್ದ ತಿರುಗುವ ಕುರ್ಚಿ ಹತ್ತಿ ಕೂತಿತು. ಶರಣ್ಯಾ ಉಳಿದಿದ್ದ ಒಂದು ಸ್ಟೂಲನ್ನು ಎಳೆದುಕೊಟ್ಟಳು. "ಕೇಳಿ ಅಕ್ಕ."

"ನಿಮ್ಮ ಆಟದಾಗೆ ಒಂದು ನೀರಿನ ಟ್ಯಾಂಕು ಬರ್ತೈತಲ್ರೀ. ಅಲ್ಲಿ ಹೋರಿ ತಿರುಗುತೈತೆ. ಆ ತಿರುಗೋದು ಹೋರಿದೋ, ನೀವು ಮಾಡಿದ್ದೋ?"

ಶರಣ್ಯಾ ಟೇಪಿನ ಸುರುಳಿಯನ್ನು ಕೆಳಗಿಟ್ಟಳು. "ಯಾಕೆ?" ಎಂದಳು.

"ಆ ಟ್ಯಾಂಕು ನಮ್ಮೂರಿಂದು. ಸುಣ್ಣ ಉದುರಿದ್ದೂ ಹಂಗೇ ಬರ್ದೀರಿ. ನನ್ ಮಗಳು ಹೋದ ತಿಂಗಳು ನಮ್ಮ ಮೈದುನನ ಫೋನ್‌ನಾಗೆ ಆಡ್ತಾ ಕೂತಿತ್ತು. ಅವ್ವಾ, ಇಲ್ಲೊಂದು ದೆವ್ವ ಐತಂತೆ ನೋಡು ಅಂತು." ಗಂಗಾಶ್ರೀ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು. "ಅಲ್ಲಿ ನಿಂತಿದ್ದೋರು ನಮ್ಮನೆಯವ್ರು ಕಣ್ರೀ. ಮಹಾಂತೇಶ ಅಂತ. ಹೋರಿ ತಿವಿದು, ಶಿವಮೊಗ್ಗದ ಆಸ್ಪತ್ರೆಗೆ ಕರ್ಕೊಂಡು ಹೋಗೋವಾಗ ದಾರೀಲೇ ಹೋಗ್ಬಿಟ್ರು. ಬರೋ ದೀಪಾವಳಿಗೆ ಐದು ವರ್ಷ."

ಮೇಜಿನ ಕೆಳಗೆ ಲೋಕಪ್ಪನ ಗೊಣಗಾಟ ನಿಂತಿತು. ಶರಣ್ಯಾ ಇಷ್ಟು ವರ್ಷ ಮನಸ್ಸಿನಲ್ಲಿ ಬದುಕಿಸಿಟ್ಟುಕೊಂಡಿದ್ದ ಮನುಷ್ಯ ಒಂದೇ ಮಾತಿಗೆ ಸತ್ತುಹೋಗಿದ್ದ. ಅವನು ಸತ್ತ ಜಾಗದಲ್ಲಿ ಎರಡು ಲಕ್ಷ ಜನ ಆಡಿದ್ದರು, ಅದರಲ್ಲಿ ಅವನ ಮಗಳೂ ಒಬ್ಬಳು. "ತಪ್ಪಾಯ್ತಕ್ಕ. ನಂಗೆ ಗೊತ್ತಿರ್ಲಿಲ್ಲ," ಎಂದಳು. ಪೂರ್ತಿ ನಿಜವಲ್ಲದ ಆ ಮಾತು ಅವಳ ಬಾಯಿಗೇ ಕಹಿಯಾಯಿತು.

"ನಾ ಜಗಳಕ್ಕೆ ಬಂದಿಲ್ರೀ. ಅವರಿಗೆ ಹೋರಿ ಹುಚ್ಚು. ಮಗು ಹುಟ್ಟಿದ್ ಮೇಲೆ ಅಖಾಡಕ್ಕೆ ಇಳಿಯಂಗಿಲ್ಲ ಅಂದೆ. ಬಾಯಿಮಾತಿಗೆ ಕೇಳೋರಲ್ಲ. ಅದಕ್ಕೆ ಮಗಳ ತಲೆ ಮೇಲೆ ಕೈ ಇಡಿಸಿ ಆಣೆ ಮಾಡಿಸ್ದೆ. ದೂರ ನಿಂತು ನೋಡ್ತೀನಿ, ಮುಟ್ಟಲ್ಲ ಅಂತ. ಈಗ ಅವರ ಗೆಳೇರು ಹೇಳ್ತಾರೆ, ಅತ್ತಿಗೆ, ಅವ್ನು ಸುಮ್ನೆ ನಿಂತಿದ್ದ, ಹೋರೀನೇ ತಿರುಗಿ ಬಂತು ಅಂತ. ಕೇರಿಯೋರು ಹೇಳ್ತಾರೆ, ಅವ್ನೇ ನುಗ್ಗಿದ ಅಂತ." ಹೊರಗೆ ಕುರ್ಚಿ ಕಿರುಗುಡುವ ಸದ್ದಿನ ಕಡೆ ನೋಡಿ ದನಿ ತಗ್ಗಿಸಿದಳು. "ಮಗೀಗೆ ಮೇಲಿಂದ ಮೇಲೆ ಜ್ವರ. ಎರಡು ಸಲ ಫಿಟ್ಸ್ ಬಂತು. ಡಾಕ್ಟ್ರು ಎಲ್ಲಾ ಸರಿ ಐತೆ ಅಂತಾರೆ. ತಲೆ ಮುಟ್ಟಿ ಮಾಡಿದ ಆಣೆ ತಪ್ಪಿದ್ರೆ ಅದು ಯಾರಿಗೆ ತಟ್ಟುತೈತೆ ಹೇಳ್ರಿ? ಮಾಡ್ಸಿದೋಳು ನಾನು. ಜ್ವರ ಬಂದಾಗೆಲ್ಲ ಹಣೆ ಮುಟ್ಟಕ್ಕೂ ಹೆದರಿಕೆ ಆಗ್ತೈತೆ. ನಿಮ್ಮ ಆಟ ನೋಡಿ ಜೀವ ಬಂತು. ಅಲ್ಲಿ ಯಾರೂ ಮುಂದೆ ಬರಂಗಿಲ್ಲ. ಹೋರಿ ತಾನೇ ತಿರುಗುತೈತೆ. ಅದು ನಿಜಾನಾ?"

"ಹೋರಿದೇ ಅಕ್ಕ ಅದು. ನಾವು ಮಾಡಿದ್ದಲ್ಲ."

"ಅದು ತಿರುಗೋಕೂ ಮೊದ್ಲು ಇವ್ರು ಹೆಜ್ಜೆ ಎತ್ತಿದ್ರಾ?"

ಆ ವಿಡಿಯೋದ ಒಂದೊಂದು ಚಿತ್ರವೂ ಶರಣ್ಯಾಳಿಗೆ ಬಾಯಿಪಾಠ. ನೀಲಿ ಅಂಗಿ ಕದಲುವುದು ಮೊದಲು, ಹೋರಿ ತಿರುಗುವುದು ಆಮೇಲೆ. ಕದಲಿದ್ದನ್ನು ಅಳಿಸಿ, ತಿರುಗಿದ್ದನ್ನು ಉಳಿಸಿ, ಈ ಹೆಂಗಸಿಗೆ ಅವಳೇ ಒಂದು ಸುಳ್ಳನ್ನು ಆಡಲು ಕೊಟ್ಟಿದ್ದಳು. ಇನ್ನೊಂದು ಸೇರಿದರೆ ಏನು ಮಹಾ?

"ಇಲ್ಲ," ಎಂದಳು. "ಸುಮ್ನೆ ನಿಂತಿದ್ರು."

ಗಂಗಾಶ್ರೀ ಕಣ್ಣು ಮುಚ್ಚಿಕೊಂಡಳು. ಅವಳ ಭುಜಗಳು ಇಳಿದವು. ಇಲ್ಲಿಗೆ ಮುಗಿಯಿತು ಎಂದು ಶರಣ್ಯಾ ಉಸಿರು ಬಿಡುವಷ್ಟರಲ್ಲಿ ಅವಳು ಕಣ್ಣು ತೆರೆದು, "ಹಂಗಾರೆ ಒಂದ್ಸಲ ತೋರಿಸ್ರಿ. ಅವರು ನಿಂತಿದ್ದು ನೋಡ್ತೀನಿ," ಎಂದಳು.

ವಿಡಿಯೋ ಇಲ್ಲ ಎನ್ನಬಹುದಿತ್ತು. ಐದು ಕಂಪ್ಯೂಟರುಗಳು ಟೆಂಪೋದಲ್ಲಿದ್ದವು, ಅದಕ್ಕೆ ಲೋಕಪ್ಪನೇ ಸಾಕ್ಷಿ ಹೇಳುತ್ತಿದ್ದ. ಆದರೆ ಒಬ್ಬನನ್ನು ಎರಡೆರಡು ಸಲ ಅಳಿಸುವ ಶಕ್ತಿ ಶರಣ್ಯಾಳಲ್ಲಿ ಉಳಿದಿರಲಿಲ್ಲ.

"ನಾನು ಸುಳ್ಳು ಹೇಳ್ದೆ ಅಕ್ಕ," ಎಂದಳು. "ಮೊದ್ಲು ಅವರೇ ಹೆಜ್ಜೆ ಎತ್ತಿದ್ರು."

ಗಂಗಾಶ್ರೀ ಬಾಗಿಲ ಕಡೆ ನೋಡಿದಳು. ಹೊರಗೆ ಕುರ್ಚಿ ಸುತ್ತುತ್ತಲೇ ಇತ್ತು. ಕೊನೆಗೆ, "ಆದ್ರೂ ತೋರಿಸ್ರಿ," ಎಂದಳು. "ಹೋರಿ ತಿರುಗಿದ್ ಮೇಲಿಂದು ಬ್ಯಾಡ. ಅಲ್ಲೀಗಂಟ ಸಾಕು."

ಲೋಕಪ್ಪ ಕಿತ್ತಿದ್ದ ವೈರನ್ನು ತಾನಾಗಿಯೇ ಮತ್ತೆ ಸಿಕ್ಕಿಸಿದ. ಶರಣ್ಯಾ ವಿಡಿಯೋ ತೆರೆದು ಒಂದು ಗುಂಡಿ ಒತ್ತಿದಳು. ಒತ್ತಿದಷ್ಟು ಸಲ ಒಂದೊಂದೇ ಚಿತ್ರ ಮುಂದೆ ಸರಿಯಿತು. ಧೂಳು. ಟ್ಯಾಂಕು. ಟ್ಯಾಂಕಿನ ಕಟ್ಟೆಗೆ ಒರಗಿ, ಕೈ ಕಟ್ಟಿಕೊಂಡು ನಿಂತ ನೀಲಿ ಅಂಗಿ.

"ಆ ಅಂಗಿ ನಾನೇ ತಂದಿದ್ದು," ಎಂದಳು ಗಂಗಾಶ್ರೀ. "ಕೈ ಕಟ್ಕೊಂಡಾರೆ ನೋಡ್ರಿ. ನಿಂತೇ ಇದಾರೆ."

ಹೋರಿಯ ಕೊಂಬಿನ ಬಲೂನುಗಳು ಚೌಕಟ್ಟಿನ ಅಂಚಿಗೆ ಬಂದವು. ನೀಲಿ ಅಂಗಿಯ ಕೈ ಬಿಚ್ಚಿತು. ಎಡಗೈ ಲುಂಗಿ ಎತ್ತಿ ಕಟ್ಟಲು ಇಳಿಯಿತು. ಬಲಗೈ ಮುಖದ ಕಡೆ ಹೋಗಿ ಬಲಗೆನ್ನೆ ಮುಟ್ಟಿತು, ಎಡಗೆನ್ನೆ ಮುಟ್ಟಿತು. ಈ ಐದಾರು ಚಿತ್ರಗಳನ್ನು ಶರಣ್ಯಾ ಎಷ್ಟು ಸಲ ದಾಟಿದ್ದಳೋ. ನೊಣ ಓಡಿಸುತ್ತಿದ್ದಾನೆ, ಬೆವರು ಒರೆಸುತ್ತಿದ್ದಾನೆ ಎಂದುಕೊಂಡಿದ್ದಳು.

"ತಡೀರಿ!" ಗಂಗಾಶ್ರೀ ಸ್ಟೂಲಿನಿಂದ ಎದ್ದಳು. "ಹಿಂದಕ್ಕೆ ಹೋಗ್ರಿ. ಹಾಂ. ಇನ್ನೊಂದು. ಅಲ್ಲೇ."

ಪರದೆಗೆ ಮೂಗು ತಾಗುವಷ್ಟು ಬಗ್ಗಿ ನೋಡಿದಳು. ಅವನ ಕಣ್ಣುಗಳು ಹೋರಿಯ ಮೇಲಿರಲಿಲ್ಲ, ಅರೆ ಮುಚ್ಚಿದ್ದವು. ಬೆರಳುಗಳು ಕೆನ್ನೆಯ ಮೇಲಿದ್ದವು.

"ಗಲ್ಲ ಬಡ್ಕೊಳ್ತಾ ಇದಾನೆ," ಎಂದಳು ಗಂಗಾಶ್ರೀ. ಇಷ್ಟು ಹೊತ್ತೂ ಗಂಡನನ್ನು ಬಹುವಚನದಲ್ಲಿ ಕರೆದಿದ್ದವಳ ಬಾಯಲ್ಲಿ ಮೊದಲ ಸಲ ಏಕವಚನ ಬಂದಿತ್ತು. "ಮರ್ತಿರಲಿಲ್ಲ. ಆಣೆ ಮರ್ತು ನುಗ್ಗಿದ್ದಲ್ಲ ಇವ್ನು. ತಪ್ಪಾಯ್ತು ಅಂತ ಗಲ್ಲ ಬಡ್ಕೊಂಡು ನುಗ್ಯಾನೆ. ಕಳ್ಳ! ಕಳ್ಳ ಇವ್ನು!" ನಕ್ಕಳು. ನಗು ಅರ್ಧಕ್ಕೇ ಒಡೆದು ಅಳುವಾಯಿತು. ಐದು ವರ್ಷ ಅವನ ಮೇಲೆ ಹೊತ್ತುಕೊಂಡಿದ್ದ ಸಿಟ್ಟೆಲ್ಲ ಆ ಅಳುವಿನಲ್ಲಿ ಬಂತು. ಶರಣ್ಯಾಳಿಗೂ ತಡೆಯಲಾಗಲಿಲ್ಲ.

ಕುರ್ಚಿಯ ಸದ್ದು ನಿಂತು ಹುಡುಗಿ ಬಾಗಿಲಿಗೆ ಬಂದಿತು. "ಅವ್ವಾ, ಯಾಕೆ ಅಳ್ತೀಯ?"

ಶರಣ್ಯಾ ಪರದೆ ಮುಚ್ಚಲು ಕೈ ಎತ್ತಿದಳು. ಗಂಗಾಶ್ರೀ ಆ ಕೈ ಹಿಡಿದಳು. ಸೆರಗಿನಲ್ಲಿ ಮುಖ ಒರೆಸಿಕೊಂಡು, ಮಗಳನ್ನು ಹತ್ತಿರ ಎಳೆದು ಪರದೆಯ ಮುಂದೆ ನಿಲ್ಲಿಸಿದಳು.

"ದೆವ್ವ ಅಲ್ಲ ಕಣೆ ಅದು. ನಿಮ್ಮಪ್ಪ. ನೋಡು."

ನಯನ ನೋಡಿದಳು. ಅವಳಿಗೆ ನೆನಪಿರುವಷ್ಟು ದಿನ ಅಪ್ಪ ಇರಲಿಲ್ಲ. ಮನೆಯ ಗೋಡೆಯ ಫೋಟೋದಲ್ಲಿದ್ದವನಿಗೆ ಮೀಸೆ ತಿದ್ದಿತ್ತು, ಕುಂಕುಮವಿತ್ತು. ಇವನಿಗೆ ಕೂದಲೆಲ್ಲ ಧೂಳು.

"ಏನ್ ಮಾಡ್ತಾ ಇದಾನೆ?"

"ತಪ್ಪು ಕೇಳ್ತಾ ಇದಾನೆ."

"ಯಾರಿಗೆ?"

"ನಿನಗೆ," ಎಂದಳು ಗಂಗಾಶ್ರೀ. "ನಿನಗೆ ಕೊಟ್ಟ ಮಾತೊಂದಿತ್ತು. ಅದನ್ನ ಮುರೀತೀನಿ, ಸಿಟ್ಟು ಮಾಡ್ಕೋಬ್ಯಾಡ ಅಂತಾನೆ. ಏನಂತೀಯ ಹೇಳು."

ಲೋಕಪ್ಪ ಮೇಜಿನ ಕೆಳಗಿಂದ ಎದ್ದು ಬಂದು ಕಿಟಕಿಯ ಕಡೆ ಮುಖ ಮಾಡಿ ನಿಂತಿದ್ದ. ಕೆಳಗೆ ಯಾರೋ ಗೊಬ್ಬರದ ಚೀಲ ಎತ್ತಿ ಹಾಕಿದ ಸದ್ದಾಯಿತು. ನಯನ ಕತ್ತು ವಾರೆ ಮಾಡಿ ಅಪ್ಪನ ಅರೆಮುಚ್ಚಿದ ಕಣ್ಣನ್ನು, ಕೆನ್ನೆಯ ಮೇಲಿನ ಬೆರಳುಗಳನ್ನು ನೋಡಿದಳು. ತರಗತಿಯಲ್ಲಿ ಜೊತೆಗಾರರ ತಪ್ಪು ಮನ್ನಿಸುವ ಹುಡುಗಿಯ ಗತ್ತು ಅವಳ ಮುಖದಲ್ಲಿ ಬಂತು.

"ಹೋಗ್ಲಿ ಬಿಡಪ್ಪ," ಎಂದಳು.

ಗಂಗಾಶ್ರೀ ಮಗಳ ಹಣೆಗೆ ಕೆನ್ನೆ ಒತ್ತಿ ಕೂತಳು. ಮುಂದಿನ ಚಿತ್ರಕ್ಕೆ ಹೋಗುವ ಗುಂಡಿಯ ಮೇಲಿದ್ದ ಬೆರಳನ್ನು ಶರಣ್ಯಾ ಮೆಲ್ಲಗೆ ತೆಗೆದಳು.